ಹದಿನಾರು ಮರಿಗಳ ಅಮ್ಮ

ತೆರೆಯ ಮೇಲೆ ಹೆಸರುಗಳು ಬಂದು ಮುಗಿಯುವಷ್ಟರಲ್ಲಿ ತಾಯಿ ತೀರಿಹೋಗಿರುತ್ತಾಳೆ. ರಾತ್ರಿ ಹೊತ್ತು, ಮಳೆ, ನ್ಯೂಜಿಲೆಂಡಿನ ಒಂದು ರಸ್ತೆ. ಕಾರಿನಲ್ಲಿ ಅಮ್ಮ, ಮಗಳು ಇಬ್ಬರೇ. ಏನೋ ಮಾತಾಡಿಕೊಂಡು ಹೋಗುತ್ತಿದ್ದಾರೆ. ಆ ಮಾತಿಗಿಂತ ಹಿನ್ನೆಲೆಯ ಹಾಡೇ ನಮಗೆ ಜಾಸ್ತಿ ಕೇಳಿಸುತ್ತದೆ. ಅಪಘಾತ ಆಗುವಾಗಲೂ ಆ ಹಾಡು ತನ್ನ ಪಾಡಿಗೆ ತಾನು ಸಾಗುತ್ತಿರುತ್ತದೆ. ಆಮೇಲೆ ಹುಡುಗಿ ಆಸ್ಪತ್ರೆಯಲ್ಲಿ ಕಣ್ಣು ಬಿಡುತ್ತಾಳೆ. ಪಕ್ಕದಲ್ಲಿ ಕೂತಿರುವ ಗಂಡಸು ಅವಳ ಅಪ್ಪ. ಅಪ್ಪ ಅಂತ ಗೊತ್ತು, ಆದರೆ ಆ ಮನುಷ್ಯ ಎಂಥವನು ಅಂತ ಗೊತ್ತಿಲ್ಲ.

1996ರಲ್ಲಿ ಬಂದ ‘ಫ್ಲೈ ಅವೇ ಹೋಮ್’ ಶುರುವಾಗುವುದು ಹೀಗೆ. ನಿರ್ದೇಶಕ ಕ್ಯಾರೊಲ್ ಬಲ್ಲಾರ್ಡ್. ಹುಡುಗಿಯ ಹೆಸರು ಏಮಿ, ವಯಸ್ಸು 13. ಪಾತ್ರ ಮಾಡಿದವಳು ಆನಾ ಪಾಕ್ವಿನ್. ಅದಕ್ಕೂ ಮೊದಲು, ‘ದಿ ಪಿಯಾನೊ’ ಚಿತ್ರದಲ್ಲಿ ನಟಿಸಿ 11ನೇ ವಯಸ್ಸಿಗೇ ಆಸ್ಕರ್ ಗೆದ್ದಿದ್ದ ಹುಡುಗಿ ಅವಳು. ಅವಳು ಹುಟ್ಟಿದ್ದು ಕೆನಡಾದಲ್ಲಿ, ಬೆಳೆದದ್ದು ನ್ಯೂಜಿಲೆಂಡಿನಲ್ಲಿ. ಕಥೆಯ ಏಮಿಯ ಬದುಕೂ ಈ ಎರಡು ದೇಶಗಳ ನಡುವೆಯೇ ಹಂಚಿಹೋಗಿದೆ. ಅಮ್ಮ ಸತ್ತ ಮೇಲೆ ಅಪ್ಪ ಅವಳನ್ನು ಕೆನಡಾದ ಆಂಟಾರಿಯೊ ಪ್ರಾಂತ್ಯದ ತನ್ನ ಹೊಲದ ಮನೆಗೆ ಕರೆತರುತ್ತಾನೆ. ಅಪ್ಪ ಶಿಲ್ಪಿ. ಜೊತೆಗೆ ಏನೇನೋ ಯಂತ್ರ ಕಟ್ಟುವ ಹುಚ್ಚು. ಹೊಲದಲ್ಲಿ ಚಂದ್ರನ ಮೇಲೆ ಇಳಿಯುವ ನೌಕೆಯ ನಕಲೊಂದು ನಿಂತಿದೆ. ಅವನಿಗೊಬ್ಬಳು ಗೆಳತಿಯೂ ಇದ್ದಾಳೆ. ಇವೆಲ್ಲದರ ನಡುವೆ ಒಂದು ಕೋಣೆ, ಒಂದು ಹಾಸಿಗೆ, ಒಬ್ಬ ಹುಡುಗಿ.

ಇಂಥ ಸಿನಿಮಾಗಳ ಬಗ್ಗೆ ಬರೆಯುವವರೆಲ್ಲ ಒಂದು ಮಾತನ್ನು ತಪ್ಪದೆ ಬರೆಯುತ್ತಾರೆ: ಪ್ರಾಣಿ ಬಂದು ಮಗುವಿನ ನೋವನ್ನು ವಾಸಿ ಮಾಡಿತು. ನಾಯಿಯಾದರೂ ಅಷ್ಟೇ, ಕುದುರೆಯಾದರೂ ಅಷ್ಟೇ. ಮಗು ಅದನ್ನು ಅಪ್ಪಿಕೊಳ್ಳುತ್ತದೆ, ಅದು ಮುಖ ನೆಕ್ಕುತ್ತದೆ, ನಾವು ಕಣ್ಣು ಒರೆಸಿಕೊಳ್ಳುತ್ತೇವೆ. ನನಗೆ ಈ ಸಿನಿಮಾ ಇಷ್ಟವಾಗುವುದು ಇದರಲ್ಲಿ ಹಾಗೆ ನಡೆಯುವುದಿಲ್ಲ ಎನ್ನುವ ಕಾರಣಕ್ಕೇ. ಇದರಲ್ಲಿರುವ ಹಕ್ಕಿಗಳು ಯಾರನ್ನೂ ಸಮಾಧಾನ ಮಾಡುವುದಿಲ್ಲ. ಏಮಿಯ ಅಮ್ಮ ಸತ್ತಿದ್ದಾಳೆ ಎನ್ನುವ ಸುದ್ದಿ ಅವಕ್ಕೆ ಗೊತ್ತಿಲ್ಲ, ಗೊತ್ತಾದರೂ ಅವಕ್ಕೆ ಏನೂ ಆಗಬೇಕಾಗಿಲ್ಲ. ಅವಕ್ಕೆ ಹಸಿವಾಗುತ್ತದೆ. ಚಳಿಯಾಗುತ್ತದೆ. ಅವಳು ಕಣ್ಣಿಂದ ಮರೆಯಾದರೆ ಗಾಬರಿಯಾಗಿ ಕೂಗುತ್ತವೆ. ಇಷ್ಟೇ. ಏಮಿಗೆ ಬೇಕಾಗಿದ್ದದ್ದೂ ಅದೇ ಇರಬೇಕು. ಸುತ್ತಲಿನ ದೊಡ್ಡವರೆಲ್ಲ ಅವಳ ನೋವನ್ನು ಸರಿ ಮಾಡಲು ಹೊರಟಿರುವಾಗ, ಸರಿ ಮಾಡಲು ಬರದ, ಸುಮ್ನೆ ಬೇಡುವ ಹದಿನಾರು ಜೀವಗಳು ಸಿಗುತ್ತವೆ.

ಅವು ಸಿಗುವ ಬಗೆಯೂ ಕ್ರೂರವಾಗಿದೆ. ಮನೆ ಪಕ್ಕದ ಕಾಡಿನ ತುಂಡನ್ನು ಬುಲ್ಡೋಜರ್‌ಗಳು ಬಂದು ನೆಲಸಮ ಮಾಡುತ್ತವೆ. ಆ ಅವಾಂತರದ ನಡುವೆ ಏಮಿಗೆ ಕೆನಡಾ ಹೆಬ್ಬಾತಿನ 16 ಮೊಟ್ಟೆಗಳು ಕಾಣಿಸುತ್ತವೆ. ಕಾವು ಕೊಡಬೇಕಾದ ತಾಯಿ ಇಲ್ಲ. ಅವಳು ಯಾರಿಗೂ ಹೇಳದೆ ಮೊಟ್ಟೆಗಳನ್ನು ತಂದು, ಕೊಟ್ಟಿಗೆಯಲ್ಲಿದ್ದ ಹಳೆ ಕಪಾಟಿನ ಡ್ರಾಯರಿನಲ್ಲಿ ಬೆಚ್ಚಗೆ ಮಲಗಿಸುತ್ತಾಳೆ. ಮನೆಯಲ್ಲಿ ಮುಖ ಕೊಟ್ಟು ಮಾತಾಡದ ಹುಡುಗಿ ಕೊಟ್ಟಿಗೆಯಲ್ಲಿ ಗಂಟೆಗಟ್ಟಲೆ ಕೂರುತ್ತಾಳೆ. ಒಂದು ದಿನ ಚಿಪ್ಪು ಬಿರಿಯುತ್ತದೆ.

ಇಲ್ಲಿಂದ ಮುಂದೆ ಕಥೆಯನ್ನು ನಡೆಸುವುದು ವಿಜ್ಞಾನ. ಹೆಬ್ಬಾತಿನ ಮರಿ ಮೊಟ್ಟೆಯಿಂದ ಹೊರಬಂದ ಹೊಸದರಲ್ಲಿ, ಕಣ್ಣೆದುರು ಓಡಾಡುವ ಮೊದಲ ಜೀವವನ್ನು ತಾಯಿ ಎಂದು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳುತ್ತದೆ. ಅದಕ್ಕೆ ಸಿಗುವ ಸಮಯ ತೀರಾ ಕಡಿಮೆ. ಆ ಹೊತ್ತು ದಾಟಿದರೆ ಮತ್ತೆ ಆಗುವುದಿಲ್ಲ, ಒಮ್ಮೆ ಆದರೆ ಸುಲಭಕ್ಕೆ ಅಳಿಸುವುದೂ ಇಲ್ಲ. ಆಸ್ಟ್ರಿಯಾದ ಕೊನ್ರಾಡ್ ಲೊರೆನ್ಸ್ ಇದನ್ನು 1930ರ ದಶಕದಲ್ಲಿ ವಿವರವಾಗಿ ಬರೆದರು. ಅವರನ್ನೇ ತಾಯಿ ಎಂದುಕೊಂಡ ಒಂದು ಹೆಬ್ಬಾತಿನ ಮರಿ ಇತ್ತು, ಮಾರ್ಟಿನಾ ಅಂತ ಅದರ ಹೆಸರು. ರಾತ್ರಿ ಅವರ ಮಲಗುವ ಕೋಣೆಯಲ್ಲೇ ಅದಕ್ಕೂ ಜಾಗ. 1973ರಲ್ಲಿ ಲೊರೆನ್ಸ್ ಅವರಿಗೆ ಕಾರ್ಲ್ ಫಾನ್ ಫ್ರಿಶ್ ಮತ್ತು ನಿಕೋಲಾಸ್ ಟಿನ್‌ಬರ್ಗನ್ ಜೊತೆ ನೊಬೆಲ್ ಬಂತು. ಈ ಮನುಷ್ಯನ ನಾಜಿ ಪಕ್ಷದ ನಂಟು ಬೇರೆಯೇ ಒಂದು ಕಥೆ, ಅದನ್ನು ಮರೆಯುವ ಹಾಗಿಲ್ಲ. ಆದರೆ ಹೆಬ್ಬಾತುಗಳನ್ನು ಅವರಷ್ಟು ಹತ್ತಿರದಿಂದ ನೋಡಿದವರು ಕಡಿಮೆ. ಜೋಡಿಯನ್ನು ಕಳೆದುಕೊಂಡ ಹೆಬ್ಬಾತು ಹಗಲು ರಾತ್ರಿ ಎನ್ನದೆ ಹುಡುಕುತ್ತದೆ, ದೂರ ದೂರ ಹಾರಿ ಕೂಗುತ್ತದೆ, ಆಮೇಲೆ ಕುಗ್ಗಿ ಹೋಗುತ್ತದೆ ಎಂದು ಅವರು ಬರೆದಿದ್ದಾರೆ. ಅಂದರೆ ದುಃಖ ಅನ್ನುವುದು ಈ ಹಕ್ಕಿಗಳಿಗೂ ಹೊಸದಲ್ಲ. ಏಮಿಯ ಮರಿಗಳಿಗೆ ಮಾತ್ರ ಅದು ಇಲ್ಲ. ತಮ್ಮ ತಾಯಿ ಹೋದದ್ದೇ ಅವಕ್ಕೆ ತಿಳಿಯದು. ಅವು ಕಣ್ಣು ಬಿಟ್ಟಾಗ ಒಬ್ಬಳು ತಾಯಿ ಇದ್ದಳು, ಅಷ್ಟೇ ಅವಕ್ಕೆ ಗೊತ್ತು.

ಒಮ್ಮೆ ಅಕ್ಕನ ಮಗಳ ಜೊತೆ ಕೂತು ಈ ಸಿನಿಮಾ ನೋಡುತ್ತಿದ್ದೆ. ಅರ್ಧ ಮುಗಿದಿತ್ತು. ‘ಮಾವ, ಇವಳು ಅಮ್ಮನ ವಿಷಯ ಮಾತೇ ಆಡಲ್ಲ ಅಲ್ವಾ?’ ಅಂದಳು. ಹೌದು, ಹೆಚ್ಚೂ ಕಡಿಮೆ ಆಡುವುದಿಲ್ಲ. ದೊಡ್ಡವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ನಮ್ಮ ಲೆಕ್ಕದಲ್ಲಿ ದುಃಖ ಇದ್ದರೆ ಅದು ಮುಖದಲ್ಲಿ ಕಾಣಬೇಕು. ಮಕ್ಕಳ ದುಃಖ ಹಾಗಿರುವುದಿಲ್ಲ. ಅವರು ಮಳೆನೀರಿನ ಗುಂಡಿಗೆ ಹಾರಿ ಹೊರಗೆ ಜಿಗಿಯುವ ಹಾಗೆ ದುಃಖದೊಳಗೆ ಹೋಗಿ ಬರುತ್ತಾರೆ. ಈಗ ಬಿಕ್ಕಿ ಅಳುತ್ತಿದ್ದ ಮಗು ಇನ್ನು ಸ್ವಲ್ಪ ಹೊತ್ತಿಗೆ ಊಟಕ್ಕೆ ಏನಿದೆ ಎಂದು ಕೇಳುತ್ತದೆ. ಪಾಪ, ಮಗುವಿಗೆ ಏನೂ ಅರ್ಥವಾಗಿಲ್ಲ ಎಂದು ನೆಂಟರು ಮಾತಾಡಿಕೊಳ್ಳುತ್ತಾರೆ. ಅರ್ಥವಾಗಿರುತ್ತದೆ. ಒಂದೇ ಸಲಕ್ಕೆ ಅಷ್ಟು ಹೊತ್ತು ಅದರೊಳಗೆ ನಿಲ್ಲಲು ಆಗುವುದಿಲ್ಲ, ಅಷ್ಟೇ.

ಮಕ್ಕಳಿಗೆ ಸಾವು ಎಷ್ಟು ಅರ್ಥವಾಗುತ್ತದೆ ಎಂದು ಮರಿಯಾ ನಾಗಿ ಎಂಬ ಸಂಶೋಧಕಿ ಬುಡಾಪೆಸ್ಟಿನಲ್ಲಿ 3ರಿಂದ 10 ವರ್ಷದ ಮಕ್ಕಳನ್ನು ಮಾತಾಡಿಸಿ, ಚಿತ್ರ ಬರೆಸಿ ನೋಡಿದರು. 1948ರಲ್ಲಿ ಅದು ಪ್ರಕಟವಾಯಿತು. ತೀರಾ ಚಿಕ್ಕ ಮಕ್ಕಳಿಗೆ ಸತ್ತವರು ಎಲ್ಲೋ ದೂರ ಹೋಗಿದ್ದಾರೆ, ಅಥವಾ ನಿದ್ದೆ ಮಾಡುತ್ತಿದ್ದಾರೆ. ಸ್ವಲ್ಪ ದೊಡ್ಡವರಾದ ಮೇಲೆ ಸಾವು ಒಬ್ಬ ವ್ಯಕ್ತಿಯಾಗಿ ಬಂದು ಹಿಡಿದುಕೊಂಡು ಹೋಗುತ್ತದೆ. ಒಂಬತ್ತು ಹತ್ತರ ಹೊತ್ತಿಗೆ ಅದು ಎಲ್ಲರಿಗೂ ಬರುವಂಥದ್ದು, ಹೋದವರು ಮರಳುವುದಿಲ್ಲ ಎನ್ನುವುದು ತಿಳಿಯುತ್ತದೆ. ಈ ಮೆಟ್ಟಿಲುಗಳು ಇಷ್ಟು ಅಚ್ಚುಕಟ್ಟಾಗಿಲ್ಲ ಎಂದು ಆಮೇಲೆ ಬಂದವರು ತೋರಿಸಿದ್ದಾರೆ. ಆದರೆ ಹದಿಮೂರರ ಏಮಿಗೆ ಎಲ್ಲವೂ ಗೊತ್ತು. ಅವಳ ಕಷ್ಟ ಇರುವುದು ಬೇರೆ ಕಡೆ. ಗೊತ್ತಿರುವುದನ್ನು ಹೇಳಿಕೊಳ್ಳಲು ಒಬ್ಬರೂ ಇಲ್ಲ. ಅಪ್ಪನಿದ್ದಾನೆ, ಆದರೆ ಅಮ್ಮನನ್ನು ಬಿಟ್ಟು ದೂರ ಉಳಿದದ್ದು ಅವನೇ. ಅವನ ಹತ್ತಿರ ಅಮ್ಮನ ಬಗ್ಗೆ ಏನಂತ ಮಾತಾಡುವುದು?

ಮಾತಾಡದ ಮಗು ಪ್ರಾಣಿಯ ಎದುರು ಬಾಯಿ ಬಿಡುವುದನ್ನು ಕಣ್ಣಾರೆ ಕಂಡು ಬೆರಗಾದ ಒಬ್ಬರಿದ್ದರು. ನ್ಯೂಯಾರ್ಕಿನ ಮಕ್ಕಳ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್‌ಸನ್. ಒಬ್ಬ ಹುಡುಗನನ್ನು ಮನೆಯವರು ಹೇಳಿದ ಹೊತ್ತಿಗಿಂತ ಮೊದಲೇ ಅವರ ಹತ್ತಿರ ಕರೆತಂದರು. ಲೆವಿನ್‌ಸನ್ ಅವರ ನಾಯಿ ಜಿಂಗಲ್ಸ್ ಆಗ ಕೋಣೆಯಲ್ಲೇ ಇತ್ತು. ಓಡಿ ಬಂದು ಹುಡುಗನನ್ನು ಮೂಸಿ ನೆಕ್ಕಿತು. ಮುದುಡಿಕೊಂಡಿರುತ್ತಿದ್ದ ಹುಡುಗ ನಾಯಿಯ ಜೊತೆ ಆಡತೊಡಗಿದ. ಮತ್ತೆ ಬರುತ್ತೇನೆ ಅಂದ, ನಾಯಿಗೋಸ್ಕರ. 1962ರಲ್ಲಿ ಅವರು ಇದರ ಬಗ್ಗೆ ಲೇಖನ ಬರೆದು, ನಾಯಿಯನ್ನು ತನ್ನ ಜೊತೆ ಕೆಲಸ ಮಾಡುವ ಚಿಕಿತ್ಸಕ ಎಂದು ಕರೆದರು. ಜೊತೆಯ ಮನಶ್ಶಾಸ್ತ್ರಜ್ಞರಲ್ಲಿ ಹಲವರು ನಕ್ಕರು. ಇವತ್ತು ಪ್ರಾಣಿಗಳ ನೆರವಿನ ಚಿಕಿತ್ಸೆ ಎಂದು ಹೇಳುವಾಗಲೆಲ್ಲ ಆ ಲೇಖನದ ಹೆಸರು ಬರುತ್ತದೆ. ನನಗೆ ಈ ಪ್ರಸಂಗದಲ್ಲಿ ಮುಖ್ಯ ಅನ್ನಿಸುವುದು ಇಷ್ಟು: ನಾಯಿ ಆ ಹುಡುಗನಿಗೆ ಪ್ರಶ್ನೆ ಕೇಳಲಿಲ್ಲ. ಅವನ ಉತ್ತರಕ್ಕಾಗಿ ಕಾಯುತ್ತಾ ಕೂರಲಿಲ್ಲ.

ಹಾಗಂತ ಪ್ರಾಣಿ ಸಿಕ್ಕಿದರೆ ಎಲ್ಲ ಸರಿಹೋಗುತ್ತದೆ ಎನ್ನುವುದೂ ಸುಳ್ಳು. ಅದಕ್ಕೆ ಇನ್ನೊಂದು ಸಿನಿಮಾ ನೆನಪಾಗುತ್ತದೆ. ರೆನೆ ಕ್ಲೆಮೆಂಟ್ 1952ರಲ್ಲಿ ಮಾಡಿದ ಫ್ರೆಂಚ್ ಚಿತ್ರ ‘ಫರ್ಬಿಡನ್ ಗೇಮ್ಸ್’. ಅದೇ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಗೋಲ್ಡನ್ ಲಯನ್ ಗೆದ್ದದ್ದು. 1940ರ ಜೂನ್, ಜರ್ಮನ್ ಸೇನೆ ಬರುತ್ತಿದೆ ಎಂದು ಪ್ಯಾರಿಸ್ಸಿನ ಜನ ಊರು ಬಿಟ್ಟು ರಸ್ತೆಗಿಳಿದಿದ್ದಾರೆ. ಐದು ವರ್ಷದ ಪೊಲೆಟ್‌ಳ ನಾಯಿಮರಿ ತಪ್ಪಿಸಿಕೊಂಡು ಓಡುತ್ತದೆ. ಅದರ ಹಿಂದೆ ಅವಳು, ಅವಳ ಹಿಂದೆ ಅಪ್ಪ ಅಮ್ಮ. ಮೇಲಿಂದ ವಿಮಾನಗಳು ಗುಂಡು ಸುರಿಸುತ್ತವೆ. ಅಪ್ಪ, ಅಮ್ಮ, ನಾಯಿ ಮೂವರೂ ಸಾಯುತ್ತಾರೆ. ಮಗು ಎತ್ತಿಕೊಂಡು ಹೊರಡುವುದು ನಾಯಿಯನ್ನು ಮಾತ್ರ. ಅಪ್ಪ ಅಮ್ಮನನ್ನು ಎತ್ತಿಕೊಳ್ಳಲು ಅವಳ ಕೈಲಿ ಆಗುವುದಿಲ್ಲವಲ್ಲ.

ಒಂದು ರೈತರ ಮನೆಯಲ್ಲಿ ಅವಳಿಗೆ ಜಾಗ ಸಿಗುತ್ತದೆ. ಆ ಮನೆಯ ಹುಡುಗ ಮಿಶೆಲ್ ಜೊತೆ ಸೇರಿ ಪಾಳು ಗಿರಣಿಯೊಂದರಲ್ಲಿ ನಾಯಿಯನ್ನು ಹೂಳುತ್ತಾಳೆ. ಅದಕ್ಕೆ ಒಂಟಿ ಅನ್ನಿಸಬಾರದು ಎಂದು ಪಕ್ಕದಲ್ಲಿ ಇನ್ನೊಂದು ಪ್ರಾಣಿ. ಆಮೇಲೆ ಮತ್ತೊಂದು. ಗೋರಿ ಅಂದ ಮೇಲೆ ಶಿಲುಬೆ ಬೇಕು. ಹುಡುಗ ಕದ್ದು ತರುತ್ತಾನೆ, ಶವದ ಗಾಡಿಯಿಂದ, ಸ್ಮಶಾನದಿಂದ. ಇಡೀ ಸಿನಿಮಾ ಮಕ್ಕಳ ಈ ಆಟವನ್ನು ಬೈಯುವುದೂ ಇಲ್ಲ, ಮುದ್ದು ಮಾಡುವುದೂ ಇಲ್ಲ. ಅಪ್ಪ ಅಮ್ಮನಿಗೆ ಮಾಡಲಾಗದ ಮಣ್ಣನ್ನು ಆ ಮಗು ಇಲಿ ಹೆಗ್ಗಣಗಳಿಗೆ ಮಾಡುತ್ತಿದೆ ಎನ್ನುವುದನ್ನು ನಮ್ಮ ಪಾಡಿಗೆ ನಾವು ಕಂಡುಕೊಳ್ಳಬೇಕು. ಕೊನೆಯಲ್ಲಿ ಅವಳನ್ನು ಅನಾಥರ ಗುಂಪಿಗೆ ಸೇರಿಸಲು ರೈಲು ನಿಲ್ದಾಣಕ್ಕೆ ಕರೆತರುತ್ತಾರೆ. ಜನರ ನಡುವೆ ಯಾರೋ ಮಿಶೆಲ್ ಎಂದು ಕೂಗಿದ್ದು ಕೇಳಿಸುತ್ತದೆ. ಅವಳೂ ಆ ಹೆಸರು ಕೂಗುತ್ತಾ ಓಡುತ್ತಾಳೆ. ಕೂಗು ‘ಅಮ್ಮಾ’ ಎಂದಾಗುತ್ತದೆ. ಸಿನಿಮಾ ಮುಗಿಯುತ್ತದೆ. ಇದನ್ನು ಮಕ್ಕಳಿಗೆ ತೋರಿಸುವ ಧೈರ್ಯ ನನಗಿಲ್ಲ. ದೊಡ್ಡವರಿಗೆ ತೋರಿಸಲೂ ಸ್ವಲ್ಪ ಯೋಚಿಸುತ್ತೇನೆ.

ಏಮಿಯ ಕಥೆಗೆ ಮರಳುತ್ತೇನೆ. ಮರಿಗಳ ಬಗ್ಗೆ ತಿಳಿಯಲು ಅಪ್ಪ ಪ್ರಾಣಿ ಇಲಾಖೆಯ ಅಧಿಕಾರಿಯೊಬ್ಬನನ್ನು ಕರೆಸುತ್ತಾನೆ. ಅವನು ಎರಡು ಸಂಗತಿ ಹೇಳುತ್ತಾನೆ. ಒಂದು, ಹೆಬ್ಬಾತುಗಳು ಎಲ್ಲವನ್ನೂ ತಂದೆ ತಾಯಿಯಿಂದ ಕಲಿಯುತ್ತವೆ, ವಲಸೆಯ ದಾರಿಯನ್ನೂ ಕೂಡ. ಇದು ನಿಜ. ಎಷ್ಟೋ ಚಿಕ್ಕ ಹಾಡುಹಕ್ಕಿಗಳು ಯಾರ ಜೊತೆಯೂ ಇಲ್ಲದೆ, ಹುಟ್ಟಿನಿಂದ ಬಂದ ದಿಕ್ಕಿನ ಅರಿವಿನಿಂದಲೇ ಮೊದಲ ವಲಸೆ ಹೋಗುತ್ತವೆ. ಹೆಬ್ಬಾತುಗಳು ಹಾಗಲ್ಲ. ಮೊದಲ ಚಳಿಗಾಲದಲ್ಲಿ ಮರಿಗಳು ಮನೆಮಂದಿಯ ಜೊತೆ ಹಾರಿ ದಾರಿ ನೋಡಿಕೊಳ್ಳುತ್ತವೆ. ತಬ್ಬಲಿ ಮರಿಗೆ ರೆಕ್ಕೆ ಬಲಿತರೂ ಎಲ್ಲಿಗೆ ಹೋಗಬೇಕು ಎಂದು ಗೊತ್ತಿರುವುದಿಲ್ಲ. ಅಧಿಕಾರಿಯ ಎರಡನೆಯ ಮಾತು, ಸಾಕಿದ ಹೆಬ್ಬಾತು ಹಾರದಂತೆ ರೆಕ್ಕೆಯ ತುದಿ ಕತ್ತರಿಸಬೇಕು, ಕಾನೂನು ಹಾಗಿದೆ. ಕತ್ತರಿ ಹೊರಬಂದಾಗ ಏಮಿ ಸಿಡಿದು ಬೀಳುತ್ತಾಳೆ. ಅಪ್ಪ ಆ ಮನುಷ್ಯನನ್ನು ಮನೆಯಿಂದ ಆಚೆ ಹಾಕುತ್ತಾನೆ.

ಮಗಳನ್ನು ಸಮಾಧಾನ ಮಾಡಲು ಬರದ ಅಪ್ಪ ಮೊದಲ ಬಾರಿ ಅವಳ ಪರವಾಗಿ ನಿಲ್ಲುವುದು ಅಲ್ಲೇ. ಈ ಅಪ್ಪನ ಪಾತ್ರವನ್ನು ಜೆಫ್ ಡೇನಿಯಲ್ಸ್ ಮಾಡಿದ ರೀತಿ ನನಗೆ ತುಂಬಾ ಇಷ್ಟ. ಅವನಿಗೆ ಕೂತು ಮಾತಾಡಲು ಬರುವುದಿಲ್ಲ. ಕಟ್ಟಲು ಬರುತ್ತದೆ. ಹಾಗಾಗಿ ಕಟ್ಟುತ್ತಾನೆ. ಪುಟ್ಟ ಅಲ್ಟ್ರಾಲೈಟ್ ವಿಮಾನದಲ್ಲಿ ತಾನೇ ಹಾರಿ ಹೆಬ್ಬಾತುಗಳನ್ನು ದಕ್ಷಿಣಕ್ಕೆ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾನೆ. ಹಕ್ಕಿಗಳು ಅವನ ಕಡೆ ತಿರುಗಿಯೂ ನೋಡುವುದಿಲ್ಲ. ಅವು ಹಿಂಬಾಲಿಸುವುದು ಏಮಿಯನ್ನು ಮಾತ್ರ. ಆಗ ಹದಿಮೂರರ ಹುಡುಗಿಗೆ ವಿಮಾನ ಹಾರಿಸಲು ಕಲಿಸುವುದು ಬಿಟ್ಟು ಬೇರೆ ದಾರಿ ಉಳಿಯುವುದಿಲ್ಲ. ಹೆಬ್ಬಾತಿನ ಆಕಾರದ ವಿಮಾನವೊಂದು ಅವಳಿಗಾಗಿ ಸಿದ್ಧವಾಗುತ್ತದೆ.

ಇದಾದ ಮೇಲೆ ಅಪ್ಪ ಮಗಳ ಮಾತುಕತೆ ಹೆಚ್ಚಾಗಿ ನಡೆಯುವುದು ರೇಡಿಯೊದಲ್ಲಿ. ಇಬ್ಬರೂ ಬೇರೆ ಬೇರೆ ವಿಮಾನದಲ್ಲಿ, ನಡುವೆ ಗಾಳಿ, ಹಕ್ಕಿಗಳು. ಮುಖ ಮುಖ ನೋಡಬೇಕಾಗಿಲ್ಲ. ಬಲಕ್ಕೆ ತಿರುಗು, ಎತ್ತರ ಕಡಿಮೆ ಮಾಡು, ಹಿಂದೆ ಎಲ್ಲರೂ ಬರ್ತಿದ್ದಾರಾ ನೋಡು. ಸಾವು ಕಂಡ ಮನೆಗಳಲ್ಲಿ ಮಾತು ಮತ್ತೆ ಶುರುವಾಗುವುದು ಸಾಮಾನ್ಯವಾಗಿ ಹೀಗೇ. ‘ಬಾ, ಕೂತು ಮಾತಾಡೋಣ’ ಎಂದರೆ ಯಾರ ಬಾಯಿಂದಲೂ ಏನೂ ಹೊರಡುವುದಿಲ್ಲ. ಕೈಗೆ ಕೆಲಸ ಇದ್ದಾಗ, ಕಣ್ಣು ಬೇರೆ ಕಡೆ ಇದ್ದಾಗ, ಆ ಕೆಲಸದ ಮಾತಿನ ಸಂದಿಯಲ್ಲಿ ಇನ್ನೊಂದು ಮಾತು ಸದ್ದಿಲ್ಲದೆ ಬಂದುಬಿಡುತ್ತದೆ.

ಹಾರಾಟದ ದೃಶ್ಯಗಳ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಕ್ಯಾಮೆರಾ ಹಿಡಿದದ್ದು ಕೇಲೆಬ್ ಡೆಶನೆಲ್, ಈ ಕೆಲಸಕ್ಕೆ ಅವರ ಹೆಸರು ಆಸ್ಕರ್ ಪಟ್ಟಿಯಲ್ಲೂ ಬಂತು. ಹೆಬ್ಬಾತುಗಳು ವಿಮಾನದ ರೆಕ್ಕೆಯ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಹಾರುತ್ತವೆ. ರೆಕ್ಕೆಯ ತುದಿಯಿಂದ ಮೇಲೆದ್ದ ಗಾಳಿಯಲ್ಲಿ ಹಾರಿದರೆ ಹಕ್ಕಿಗೆ ಶ್ರಮ ಕಡಿಮೆ. ಗುಂಪಿನಲ್ಲಿ ಅವು ಸಾಲು ಕಟ್ಟುವುದೂ ಅದಕ್ಕೇ. ಮಂಜು ಕವಿದ ಬಾಲ್ಟಿಮೋರ್ ನಗರದ ಎತ್ತರದ ಕಟ್ಟಡಗಳ ನಡುವೆ ಹಕ್ಕಿಗಳ ಸಾಲು ನುಗ್ಗುವ ದೃಶ್ಯವಂತೂ ಒಮ್ಮೆ ನೋಡಿದರೆ ಮರೆಯುವುದಿಲ್ಲ. ಇದೇ ನಿರ್ದೇಶಕ, ಇದೇ ಛಾಯಾಗ್ರಾಹಕ 1979ರಲ್ಲಿ ‘ದಿ ಬ್ಲ್ಯಾಕ್ ಸ್ಟಾಲಿಯನ್’ ಮಾಡಿದ್ದರು. ಅದರಲ್ಲಿ ಹಡಗು ಮುಳುಗಿ ಅಪ್ಪನನ್ನು ಕಳೆದುಕೊಂಡ ಹುಡುಗ ಮತ್ತು ಒಂದು ಕಾಡು ಕುದುರೆ ಯಾರೂ ಇಲ್ಲದ ದಡ ಸೇರುತ್ತಾರೆ. ಅಲ್ಲಿಂದ ಬಹಳ ಹೊತ್ತು ಮಾತೇ ಇಲ್ಲ. ಮರಳು, ಸಮುದ್ರ, ಸ್ವಲ್ಪ ಸ್ವಲ್ಪವೇ ಹತ್ತಿರವಾಗುವ ಎರಡು ಜೀವ. ದುಃಖದಲ್ಲಿರುವ ಮಗುವನ್ನು ಮಾತಿಲ್ಲದೆ ತೋರಿಸುವುದು ಬಲ್ಲಾರ್ಡ್‌ಗೆ ಆಗಲೇ ಕರಗತವಾಗಿತ್ತು.

ಅದಕ್ಕೇ ‘ಫ್ಲೈ ಅವೇ ಹೋಮ್’ನಲ್ಲಿ ಎರಡು ವಿಷಯ ನನಗೆ ಕಿರಿಕಿರಿ ಮಾಡುತ್ತವೆ. ಒಂದು, ನವೆಂಬರ್ 1ರ ಗಡುವು. ಆ ದಿನದೊಳಗೆ ವಲಸೆ ಹಕ್ಕಿಗಳು ಬರದಿದ್ದರೆ ಅವರು ಹೊರಟಿರುವ, ಅಮೆರಿಕದ ನಾರ್ತ್ ಕ್ಯಾರೊಲಿನಾದ ಜೌಗು ನೆಲ ಬಿಲ್ಡರ್‌ಗಳ ಪಾಲಾಗುತ್ತದಂತೆ. ಹಾಗಾಗಿ ಕೋಟು ಹಾಕಿದ ಖಳರು, ಟಿವಿ ಕ್ಯಾಮೆರಾ, ಕಾಯುತ್ತಿರುವ ಜನ. ಒಬ್ಬ ಹುಡುಗಿ ತಾನು ಸಾಕಿದ ಹಕ್ಕಿಗಳನ್ನು ಬಿಟ್ಟುಕೊಡಲು ಹೋಗುತ್ತಿರುವುದೇ ಸಾಕಷ್ಟು ದೊಡ್ಡ ವಿಷಯ, ಅದಕ್ಕೆ ಈ ಓಟದ ಪಂದ್ಯ ಬೇಕಿರಲಿಲ್ಲ. ಎರಡು, ಕೊನೆಯ ಹಂತದಲ್ಲಿ ಅಪ್ಪ ಹೇಳುವ ಮಾತು. ಗುರಿ ಇನ್ನು ಸುಮಾರು 50 ಕಿ.ಮೀ. ದೂರ ಇರುವಾಗ ಅವನ ವಿಮಾನ ಕೆಟ್ಟು ಜೋಳದ ಹೊಲಕ್ಕೆ ಬೀಳುತ್ತದೆ, ತೋಳಿಗೆ ಪೆಟ್ಟಾಗುತ್ತದೆ. ಏಮಿ ಒಬ್ಬಳೇ ಮುಂದೆ ಹೋಗಬೇಕು. ಆಗ ಅಪ್ಪ, ನಿನ್ನ ಅಮ್ಮ ಇಲ್ಲೇ ಇದ್ದಾಳೆ, ಆಕಾಶದಲ್ಲಿ, ಹಕ್ಕಿಗಳಲ್ಲಿ ಎಂಬ ಅರ್ಥದ ಮಾತಾಡುತ್ತಾನೆ. ಅಷ್ಟು ಹೊತ್ತು ನಾವೇ ಕಂಡುಕೊಂಡದ್ದನ್ನು ಬಾಯಿಬಿಟ್ಟು ಹೇಳಿ ಹಾಳುಮಾಡಿದರು ಎಂದು ಮೊದಲು ಅನ್ನಿಸುತ್ತಿತ್ತು. ಈಗ ಅಷ್ಟು ಸಿಟ್ಟಿಲ್ಲ. ಮಾತು ಬರದ ಅಪ್ಪ, ಬಿದ್ದು ನೋಯುತ್ತಿರುವಾಗ ಹೇಳುವ ಮಾತು ಸ್ವಲ್ಪ ಅಗ್ಗವಾಗಿದ್ದರೂ ಇರಲಿ ಬಿಡಿ.

ಅಲ್ಲಿಂದ ಮುಂದಿನ ಕೆಲವು ನಿಮಿಷಗಳಿಗಾಗಿಯೇ ಈ ಸಿನಿಮಾ ಇದೆ ಎಂದು ನನ್ನ ನಂಬಿಕೆ. ಏಮಿ ಒಬ್ಬಳೇ ಹಾರುತ್ತಾಳೆ, ಹಕ್ಕಿಗಳನ್ನು ಬಿಟ್ಟು ಬರಲು. ಆ ಮಳೆಯ ರಾತ್ರಿ ಅಮ್ಮನನ್ನು ಕಳೆದುಕೊಂಡದ್ದು ಅವಳ ಕೈ ಮೀರಿ ನಡೆದದ್ದು. ಎಚ್ಚರವಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೋಗಿ ಬಾ ಎಂದು ಹೇಳಲೂ ಆಗಿರಲಿಲ್ಲ. ಈ ಸಲದ ಅಗಲಿಕೆ ಹಾಗಿಲ್ಲ. ಇದಕ್ಕಾಗಿ ಅವಳು ತಿಂಗಳುಗಟ್ಟಲೆ ತಯಾರಾಗಿದ್ದಾಳೆ. ದಾರಿ ಅವಳೇ ತೋರಿಸಬೇಕು, ಸ್ಟಿಯರಿಂಗ್ ಅವಳ ಕೈಯಲ್ಲೇ ಇದೆ. ಚೆನ್ನಾಗಿ ಸಾಕಿದರೆ ಅವು ಅವಳನ್ನು ಬಿಟ್ಟು ಹೋಗುತ್ತವೆ ಎನ್ನುವುದು ಮೊದಲಿನಿಂದಲೂ ಅವಳಿಗೆ ಗೊತ್ತು. ರೆಕ್ಕೆ ಕತ್ತರಿಸಿದ್ದರೆ ಅವು ಅವಳ ಹಿತ್ತಲಲ್ಲೇ ಇರುತ್ತಿದ್ದವು. ಹಾಗೆ ಉಳಿಸಿಕೊಳ್ಳುವುದು ಬೇಡ ಎಂದು ಕೂಗಾಡಿದವಳು ಅವಳೇ.

ಪ್ರಾಣಿ ಮಗುವನ್ನು ವಾಸಿ ಮಾಡಿತು ಎನ್ನುವ ಮಾತನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ. ಹೆಬ್ಬಾತುಗಳು ಅವಳಿಗೆ ಕೊಟ್ಟದ್ದು ಕೆಲಸವನ್ನು. ಬೆಳಿಗ್ಗೆ ಎದ್ದ ತಕ್ಷಣ ಮಾಡಬೇಕಾದ, ಇನ್ನೊಬ್ಬರು ಮಾಡಲಾಗದ, ಒಂದು ದಿನ ಮುಗಿದೂ ಹೋಗುವ ಕೆಲಸ. ಅಮ್ಮ ಇಲ್ಲದವಳು ಅಮ್ಮನ ಜಾಗದಲ್ಲಿ ನಿಂತು ನೋಡುತ್ತಾಳೆ. ಅಲ್ಲಿಂದ ನೋಡಿದರೆ ತನ್ನ ಅಮ್ಮನೂ ಸ್ವಲ್ಪ ಬೇರೆ ಥರ ಕಾಣಿಸಿರಬೇಕು.

ತಮಾಷೆ ಏನೆಂದರೆ, ನಿಜವಾಗಿ ನಡೆದ ಕಥೆಯಲ್ಲಿ ದುಃಖದ ಹುಡುಗಿಯೇ ಇಲ್ಲ. ಬಿಲ್ ಲಿಶ್‌ಮನ್ ಎಂಬ ಆಂಟಾರಿಯೊದ ಶಿಲ್ಪಿಗೆ ಹಕ್ಕಿಗಳ ಜೊತೆ ಹಾರುವ ಆಸೆ. 1988ರಲ್ಲಿ ತನ್ನ ಅಲ್ಟ್ರಾಲೈಟ್ ಹಿಂದೆ ಹೆಬ್ಬಾತುಗಳನ್ನು ಹಾರಿಸಿ ತೋರಿಸಿದರು. ಇಂಥ ವಿಮಾನವೇ ಬೇಕಿತ್ತು. ಹೆಬ್ಬಾತು ಗಂಟೆಗೆ ಸುಮಾರು 60 ಕಿ.ಮೀ. ವೇಗದಲ್ಲಿ ಹಾರುತ್ತದೆ, ದೊಡ್ಡ ವಿಮಾನ ಅಷ್ಟು ನಿಧಾನವಾದರೆ ನೆಲಕ್ಕೆ ಬೀಳುತ್ತದೆ. 1993ರಲ್ಲಿ ಅವರು ಮತ್ತು ಜೋಸೆಫ್ ಡಫ್, 18 ಹೆಬ್ಬಾತುಗಳನ್ನು ಆಂಟಾರಿಯೊದಿಂದ ಅಮೆರಿಕದ ವರ್ಜೀನಿಯಾಗೆ, ಸುಮಾರು 640 ಕಿ.ಮೀ. ಕರೆದುಕೊಂಡು ಹೋದರು. ಮುಂದಿನ ವಸಂತದಲ್ಲಿ ಹೆಚ್ಚಿನವು ತಾವೇ ದಾರಿ ಹುಡುಕಿಕೊಂಡು ಮರಳಿದವು. ಲಿಶ್‌ಮನ್ 2017ರಲ್ಲಿ ತೀರಿಕೊಂಡರು. ಚಂದ್ರನೌಕೆಯ ನಕಲನ್ನು ನಿಜವಾಗಿಯೂ ಕಟ್ಟಿದ್ದು ಅವರೇ. ಅಂದರೆ ಸಿನಿಮಾದವರು ಅವರ ಹೊಲ, ವಿಮಾನ, ಹಕ್ಕಿ ಎಲ್ಲವನ್ನೂ ತೆಗೆದುಕೊಂಡು, ನಡುವೆ ತಾಯಿಯನ್ನು ಕಳೆದುಕೊಂಡ ಮಗುವನ್ನು ತಂದು ಕೂರಿಸಿದರು. ಅಳಿಸಲು ಹೂಡಿದ ಉಪಾಯ ಎಂದು ಯಾರಾದರೂ ಅಂದರೆ ಪೂರ್ತಿ ಅಲ್ಲಗಳೆಯಲಾರೆ. ಆದರೆ ಹಾರುವ ಹುಚ್ಚಿನ ಗಂಡಸಿನ ಕಥೆ ಒಂದು ಸಾಹಸದ ಕಥೆ ಅಷ್ಟೇ ಆಗಿರುತ್ತಿತ್ತು. ತಬ್ಬಲಿ ಮರಿಗಳಿಗೆ ದಾರಿ ಯಾರು ತೋರಿಸಬೇಕು ಎನ್ನುವ ಪ್ರಶ್ನೆ ಲಿಶ್‌ಮನ್ ಅವರ ಪ್ರಯೋಗದೊಳಗೆ ಮೊದಲೇ ಇತ್ತು. ಚಿತ್ರಕಥೆ ಬರೆದವರು ಅದನ್ನು ಕೇಳಲು ಹಕ್ಕುಳ್ಳವಳನ್ನು ಹುಡುಕಿದರು.

ಇನ್ನೊಂದು ಸಣ್ಣ ಮಾತು. ಕೆನಡಾ ಹೆಬ್ಬಾತುಗಳು ಅಳಿದುಹೋಗುತ್ತಿರುವ ಹಕ್ಕಿಗಳೇನಲ್ಲ. ಉತ್ತರ ಅಮೆರಿಕದ ಪಾರ್ಕುಗಳಲ್ಲಿ, ಗಾಲ್ಫ್ ಮೈದಾನಗಳಲ್ಲಿ ಗಲೀಜು ಮಾಡುತ್ತವೆ ಎಂದು ಜನ ಅವಕ್ಕೆ ಶಾಪ ಹಾಕುತ್ತಾರೆ. ವಲಸೆಯನ್ನೇ ಬಿಟ್ಟು ವರ್ಷವಿಡೀ ಒಂದೇ ಕಡೆ ಇರುವ ಗುಂಪುಗಳೂ ಬೇಕಾದಷ್ಟಿವೆ. ಅಷ್ಟು ಕಷ್ಟಪಟ್ಟು ದಾರಿ ತೋರಿಸಿದ್ದು ಇವಕ್ಕೇನಾ ಎಂದು ನಗು ಬರಬಹುದು. ಆದರೆ ಆ ಪ್ರಯೋಗದ ಕಣ್ಣು ಬೇರೆ ಹಕ್ಕಿಯ ಮೇಲಿತ್ತು. ವೂಪಿಂಗ್ ಕ್ರೇನ್ ಎಂಬ ಎತ್ತರದ ಬಿಳಿ ಹಕ್ಕಿ 1940ರ ದಶಕದ ಆರಂಭದಲ್ಲಿ 25ಕ್ಕಿಂತ ಕಡಿಮೆ ಸಂಖ್ಯೆಗೆ ಇಳಿದಿತ್ತು. ಲಿಶ್‌ಮನ್ ಮತ್ತು ಡಫ್ ಶುರುಮಾಡಿದ ‘ಆಪರೇಷನ್ ಮೈಗ್ರೇಷನ್’ ಸಂಸ್ಥೆ 2001ರಿಂದ ಈ ಹಕ್ಕಿಯ ಮರಿಗಳನ್ನು ವಿಸ್ಕಾನ್ಸಿನ್‌ನಿಂದ ಫ್ಲಾರಿಡಾಗೆ, ಸುಮಾರು 1,900 ಕಿ.ಮೀ. ವಿಮಾನದ ಹಿಂದೆ ಕರೆದೊಯ್ಯತೊಡಗಿತು.

ಅಲ್ಲಿ ಏಮಿಯಂಥ ಅಮ್ಮ ಇರುವ ಹಾಗಿರಲಿಲ್ಲ. ಮರಿಗಳು ಮನುಷ್ಯರಿಗೆ ಅಂಟಿಕೊಳ್ಳಬಾರದು ಎಂದು ಸಾಕುವವರೆಲ್ಲ ಉದ್ದನೆಯ ಬಿಳಿ ನಿಲುವಂಗಿ ತೊಟ್ಟು, ಮುಖ ಮುಚ್ಚಿಕೊಂಡು, ಕೈಗೆ ಹಕ್ಕಿಯ ತಲೆಯ ಗೊಂಬೆ ಹಾಕಿಕೊಂಡು ತಿನ್ನಿಸುತ್ತಿದ್ದರು. ಮರಿಗಳ ಹತ್ತಿರ ಮಾತಾಡುವಂತಿಲ್ಲ. ಹಾರಾಟವಂತೂ ಯಶಸ್ವಿಯಾಯಿತು, ಹಕ್ಕಿಗಳು ದಾರಿ ಕಲಿತು ತಾವೇ ಹೋಗಿ ಬಂದವು. ತೊಂದರೆ ಕಾಣಿಸಿದ್ದು ಆಮೇಲೆ. ಅವು ಗೂಡು ಕಟ್ಟಿದವು, ಮೊಟ್ಟೆ ಇಟ್ಟವು, ಆದರೆ ಮರಿಗಳನ್ನು ಬೆಳೆಸಿ ದೊಡ್ಡದು ಮಾಡುವುದರಲ್ಲಿ ಸೋತವು. ಇಷ್ಟೊಂದು ಮನುಷ್ಯರ ಕೈ ಸೇರಿದ ಸಾಕಾಣಿಕೆಯಲ್ಲಿ ಏನೋ ಕಲಿಯದೆ ಉಳಿದಿರಬಹುದು ಎಂದು ಅಮೆರಿಕದ ಮೀನು ಮತ್ತು ವನ್ಯಜೀವಿ ಇಲಾಖೆಗೆ ಅನ್ನಿಸಿತು. 2016ರಲ್ಲಿ ವಿಮಾನದ ಹಿಂದೆ ಹಾರಿಸುವುದನ್ನು ನಿಲ್ಲಿಸಿದರು. ಮರಿಗಳನ್ನು ಆದಷ್ಟು ದೊಡ್ಡ ಹಕ್ಕಿಗಳ ಕೈಗೇ ಒಪ್ಪಿಸುವ ದಾರಿ ಹಿಡಿದರು.

ಸಿನಿಮಾ ಅಲ್ಲಿಯವರೆಗೆ ಹೋಗುವುದಿಲ್ಲ. ಮುಂದಿನ ವಸಂತದಲ್ಲಿ ಹದಿನಾರೂ ಹಕ್ಕಿಗಳು ಆಂಟಾರಿಯೊದ ಹೊಲಕ್ಕೆ ವಾಪಸ್ ಬಂದವು ಎಂದು ಹೇಳಿ ಮುಗಿಸುತ್ತದೆ, ಕುಂಟುತ್ತಿದ್ದ ಇಗೋರ್ ಎಂಬ ಹಕ್ಕಿ ಕೂಡ. ಮಕ್ಕಳ ಸಿನಿಮಾಕ್ಕೆ ಅಷ್ಟು ಸಾಕು. ಆದರೂ ತಾಯಿಯ ಜಾಗವನ್ನು ಇನ್ನೊಬ್ಬರು ಎಷ್ಟರಮಟ್ಟಿಗೆ ತುಂಬಬಹುದು, ಎಲ್ಲಿ ಆಗುವುದಿಲ್ಲ ಎನ್ನುವುದನ್ನು ಆ ಬಿಳಿ ಹಕ್ಕಿಗಳು ಈ ಕಥೆಗಿಂತ ಖಡಕ್ಕಾಗಿ ಹೇಳುತ್ತವೆ. ಏಮಿಯ ಅಪ್ಪನೂ ಅವಳ ಅಮ್ಮನಾಗಲಿಲ್ಲ. ಅಪ್ಪನಾದ, ಅದೂ ತಡವಾಗಿ.

ಮನೆಯಲ್ಲಿ ಯಾರನ್ನೋ ಕಳೆದುಕೊಂಡ ಮಗುವಿಗೆ ಈ ಸಿನಿಮಾ ತೋರಿಸಬಹುದಾ ಎಂದು ಕೆಲವರು ಕೇಳುತ್ತಾರೆ. ತೋರಿಸಬಹುದು, ಆದರೆ ಶುರುವಿನಲ್ಲೇ ಕಾರು ಅಪಘಾತ ಇದೆ ಎಂದು ಮೊದಲೇ ಹೇಳಿ. ಮಗು ಬೇಡ ಅಂದರೆ ಬೇಡ. ನೋಡಲು ಒಪ್ಪಿದರೆ ಪಕ್ಕದಲ್ಲಿ ಕೂತು ನೀವೂ ನೋಡಿ, ಮೊಬೈಲ್ ಹಿಡಿದುಕೊಂಡು ಆಚೆ ಹೋಗಬೇಡಿ. ಮುಗಿದ ಮೇಲೆ ‘ನಿನಗೆ ಏನನ್ನಿಸ್ತು’ ಎಂದು ಪರೀಕ್ಷೆ ಮಾಡಲು ಹೋಗಬೇಡಿ. ಮಗು ಇಗೋರ್‌ಗೆ ಕಾಲು ಸರಿಹೋಯ್ತಾ ಎಂದು ಕೇಳಬಹುದು. ಆಗ ಇಗೋರ್ ಬಗ್ಗೆಯೇ ಮಾತಾಡಿ.